ದಿನನಿತ್ಯ ಓಡಿಸುವ ಕಾರಿಗೆ ಹಿತವಾದ ಕಾಯಿಲೋವರ್ ಆರಿಸುವ ಬಗೆ

ಕಾಯಿಲೋವರ್, ಅಂದರೆ ಎತ್ತರ ಬದಲಿಸಬಹುದಾದ ಸ್ಪ್ರಿಂಗು ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸೇರಿದ ಜೋಡಣೆ, ಹಾಕಿಸಿದ ಕಾರು ಕಲ್ಲಿನಂತೆ ಗಡುಸಾಗಿರುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕೆಲಸಕ್ಕೆ ಹೋಗಿಬರುವ, ಮಕ್ಕಳನ್ನು ಶಾಲೆಗೆ ಬಿಡುವ, ವಯಸ್ಸಾದ ತಂದೆತಾಯಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೂರ ಪ್ರಯಾಣ ಮಾಡುವ ಕಾರಿಗೆ ಅದು ಹೊಂದುವುದೇ ಇಲ್ಲವೆಂದು ಅನೇಕರು ಮೊದಲೇ ತೀರ್ಮಾನಿಸಿಬಿಡುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಮಾರಾಟಕ್ಕಿರುವ ಎಷ್ಟೋ ಕಿಟ್‌ಗಳು ಕಾರನ್ನು ನೆಲಕ್ಕೆ ತಗ್ಗಿಸಿ ಅಂದಗಾಣಿಸಲು ಅಥವಾ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಮಾಡಿದಂಥವು. ಆದರೂ ಸರಿಯಾಗಿ ಆರಿಸಿ, ಸರಿಯಾದ ಎತ್ತರಕ್ಕೆ ಕೂರಿಸಿದ ಒಳ್ಳೆಯ ಕಾಯಿಲೋವರ್, ಲಕ್ಷ ಕಿಲೋಮೀಟರ್ ಸವೆದ ಮೂಲ ಶಾಕ್ ಅಬ್ಸಾರ್ಬರಿಗಿಂತ ಎಷ್ಟೋ ಹಿತವಾಗಿ ಓಡುತ್ತದೆ. ಕಾರು ಗಡುಸಾಯಿತೆಂದರೆ ಎಲ್ಲರೂ ಸ್ಪ್ರಿಂಗನ್ನು ದೂರುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಲ ಕೊರತೆ ಇರುವುದು ಚಕ್ರ ಮೇಲೇಳಲು ಬೇಕಾದ ಜಾಗದಲ್ಲಿ. ಕಿಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಆ ಜಾಗವನ್ನು.

ಇದನ್ನು ನಾನು ಕಲಿತದ್ದು ಸ್ವಂತ ಕಾರಿನಲ್ಲಿ. ಮೊದಲ ಸಲ ಕಾಯಿಲೋವರ್ ಹಾಕಿಸಿದಾಗ ಕಾರನ್ನು 45 ಮಿಲಿಮೀಟರ್ ತಗ್ಗಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು, ಆದರೆ ಸಣ್ಣ ರಸ್ತೆ ಉಬ್ಬು ದಾಟಿದರೂ ಧಡ್ ಎಂದು ಬೆನ್ನುಮೂಳೆಗೆ ಬಡಿಯುತ್ತಿತ್ತು. ಡ್ಯಾಂಪರ್ ಬಿಗಿಯಾಯಿತೆಂದು ಭಾವಿಸಿ ಅದರ ತಿರುಪನ್ನು ಪೂರ್ತಿ ಮೆತ್ತಗಿನ ಕಡೆಗೆ ತಿರುಗಿಸಿದೆ. ಬಡಿತ ಇನ್ನಷ್ಟು ಹೆಚ್ಚಿತು. ಆಗ ಪರಿಚಯದ ಮೆಕ್ಯಾನಿಕ್ ಒಬ್ಬರು ಮುಂದಿನ ಡ್ಯಾಂಪರಿನ ಹೊಳೆಯುವ ರಾಡಿಗೆ ಒಂದು ತೆಳುವಾದ ಕೇಬಲ್ ಟೈ ಸುತ್ತಿ, ಅದನ್ನು ಡ್ಯಾಂಪರಿನ ಬಾಯಿಗೆ ತಾಗುವವರೆಗೆ ಕೆಳಗೆ ಸರಿಸಿ, ಎಂದಿನ ದಾರಿಯಲ್ಲಿ ಒಮ್ಮೆ ಹೋಗಿಬರಲು ಹೇಳಿದರು. ಹಿಂದಿರುಗಿ ಬಂದು ರಾಡಿಗೆ ಧೂಳು ತಾಗದಂತೆ ಮುಚ್ಚಿರುವ ಧೂಳಿನ ಬೂಟನ್ನು ಮೇಲಕ್ಕೆತ್ತಿ ನೋಡಿದಾಗ, ಕೇಬಲ್ ಟೈ ಬಂಪ್ ಸ್ಟಾಪಿನ, ಅಂದರೆ ಚಕ್ರ ಪೂರ್ತಿ ಏರಿದಾಗ ಹೊಡೆತ ತಡೆಯುವ ಫೋಮಿನ ತುಂಡಿನ, ತಳಕ್ಕೆ ಒತ್ತಿಕೊಂಡು ಅಲ್ಲೊಂದು ಗೀರು ಮೂಡಿಸಿತ್ತು. ಕಾರು ಸುಮ್ಮನೆ ನಿಂತಿರುವಾಗ ಡ್ಯಾಂಪರಿನ ಬಾಯಿಂದ ಬಂಪ್ ಸ್ಟಾಪಿನವರೆಗೆ ಉಳಿದ ಅಂತರವನ್ನು ಅಳೆದರೆ ಬರೀ 12 ಮಿಲಿಮೀಟರ್. ಅಷ್ಟು ದಿನವೂ ನಾನು ಓಡಿಸುತ್ತಿದ್ದದ್ದು ಸ್ಪ್ರಿಂಗಿನ ಮೇಲೆ ಅಲ್ಲ, ಆ ಪುಟ್ಟ ಫೋಮಿನ ತುಂಡಿನ ಮೇಲೆ. ಕಾರನ್ನು 20 ಮಿಲಿಮೀಟರ್ ಎತ್ತರಿಸಿ, ಡ್ಯಾಂಪರನ್ನು ಮತ್ತೆ ನಡುವಿನ ಕ್ಲಿಕ್ಕಿಗೆ ತಂದ ಮೇಲೆ ಅದೇ ಕಿಟ್, ಅದೇ ಸ್ಪ್ರಿಂಗು, ಅದೇ ದಾರಿಯಲ್ಲಿ ಬೇರೆಯೇ ಕಾರಿನಂತೆ ಓಡಿತು.

ಕೊಳ್ಳುವ ಮೊದಲು ಈಗಿರುವುದನ್ನು ನೋಡಿ

ಕಾಯಿಲೋವರ್ ಎಂದರೆ ಡ್ಯಾಂಪರ್ ಮತ್ತು ಅದನ್ನು ಸುತ್ತುವರಿದ ಸ್ಪ್ರಿಂಗು ಸೇರಿದ ಒಂದು ಜೋಡಣೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಡ್ಯಾಂಪರೇ ಕಂಬದಂತೆ ಚಕ್ರವನ್ನು ಹಿಡಿದು ನಿಲ್ಲಿಸುವ ಜೋಡಣೆ) ಇರುವ ಕಾರುಗಳ ಮುಂಭಾಗದಲ್ಲಿ ಇಂಥದೇ ಜೋಡಣೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ಹೊರಗಿನಿಂದ ಕೊಳ್ಳುವ ಕಾಯಿಲೋವರಿನ ವಿಶೇಷವೆಂದರೆ ಅದರ ಮೈಮೇಲೆ ಥ್ರೆಡ್ ಇದ್ದು, ಸ್ಪ್ರಿಂಗ್ ಕೂರುವ ಸೀಟನ್ನು ಅದರ ಮೇಲೆ ತಿರುಗಿಸಿ ಎತ್ತರವನ್ನು ಬದಲಿಸಬಹುದು. ಎಷ್ಟೋ ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗು ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ ಇರುತ್ತವೆ. ಅಂಥಲ್ಲಿ ಕಿಟ್ಟಿನೊಂದಿಗೆ ಹಿಂದಿನ ಸ್ಪ್ರಿಂಗಿಗೆ ಪ್ರತ್ಯೇಕ ಥ್ರೆಡ್ ಸೀಟು ಬರುತ್ತದೆ, ಹೊಸ ಡ್ಯಾಂಪರ್ ಹಳೆಯದರ ಜಾಗದಲ್ಲೇ ಬೇರೆಯಾಗಿ ಕೂರುತ್ತದೆ.

ಈಗಿರುವ ಕಾರು ಕುಲುಕುತ್ತದೆ ಎಂಬ ಕಾರಣಕ್ಕೆ ಕಾಯಿಲೋವರಿನತ್ತ ಮನಸ್ಸು ಹರಿದಿದ್ದರೆ ಮೊದಲು ಟೈರುಗಳನ್ನು ನೋಡಬೇಕು. ಮೂಲಕ್ಕಿಂತ ಎರಡು ಇಂಚು ದೊಡ್ಡ ರಿಮ್, ಬಳೆಯಂತೆ ತೆಳ್ಳಗಿನ ಟೈರು, ಬಾಗಿಲ ಬಳಿಯ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿನ ಗಾಳಿ, ಇವು ಮೂರೂ ಸೇರಿದ ಕಾರನ್ನು ಜಗತ್ತಿನ ಅತಿ ಉತ್ತಮ ಡ್ಯಾಂಪರ್ ಕೂಡ ಹಿತವಾಗಿಸಲಾರದು. ಸಣ್ಣ ಸಣ್ಣ ಒರಟುತನವನ್ನು ಮೊದಲು ನುಂಗುವುದು ಟೈರಿನ ಪಕ್ಕದ ಗೋಡೆ. ಅದು ಉಳಿಸಿದ್ದಷ್ಟೇ ಸಸ್ಪೆನ್ಶನ್ನಿನ ಪಾಲಿಗೆ ಬರುತ್ತದೆ. ಜೊತೆಗೆ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ಟಿನ ಮೇಲಿನ ಮೌಂಟುಗಳನ್ನೂ ಪರೀಕ್ಷಿಸಿ. ಅವು ಸವೆದಿದ್ದರೆ ಹೊಸ ಕಿಟ್ ಹಾಕಿದ ಮೇಲೂ ಅದೇ ಕಟಕಟ ಸದ್ದು ಕೇಳುತ್ತದೆ, ಮತ್ತು ದೂರು ಅನ್ಯಾಯವಾಗಿ ಹೊಸ ಕಿಟ್ಟಿನ ಮೇಲೆ ಬೀಳುತ್ತದೆ.

ಕಾರನ್ನು ತಗ್ಗಿಸುವ ಆಸೆಯೇ ಇಲ್ಲದವರಿಗೆ ಕಾಯಿಲೋವರ್ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಮೂಲ ಎತ್ತರವೇ ಸಾಕು, ತಿರುವಿನಲ್ಲಿ ಸ್ವಲ್ಪ ಹಿಡಿತ ಬೇಕು ಎನ್ನುವವರಿಗೆ ಗುಣಮಟ್ಟದ ಹೊಸ ಡ್ಯಾಂಪರುಗಳು ಮೂಲ ಸ್ಪ್ರಿಂಗಿನ ಜೊತೆಗೇ ಸಾಕಾಗುತ್ತವೆ. ಎತ್ತರವನ್ನು ತಮಗೆ ಬೇಕಾದಷ್ಟು ಸಣ್ಣ ಅಳತೆಯಲ್ಲಿ ಹೊಂದಿಸಿಕೊಳ್ಳಬೇಕು, ಡ್ಯಾಂಪಿಂಗನ್ನು ತಮ್ಮ ರಸ್ತೆಗೆ ತಕ್ಕಂತೆ ತಿದ್ದಿಕೊಳ್ಳಬೇಕು ಎನ್ನುವವರಿಗೆ ಮಾತ್ರ ಕಾಯಿಲೋವರಿನ ಖರ್ಚು ಸಾರ್ಥಕ.

ಸ್ಪ್ರಿಂಗಿನ ಲೆಕ್ಕ

ಸ್ಪ್ರಿಂಗಿನ ಬಿಗಿಯನ್ನು ಕಿಟ್ಟಿನ ವಿವರದಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಅದುಮಲು ಎಷ್ಟು ಕಿಲೋ ಭಾರ ಬೇಕು ಎಂಬ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಕೆಲವರು ನ್ಯೂಟನ್ನಿನಲ್ಲಿ, ಕೆಲವರು ಇಂಚಿಗೆ ಇಷ್ಟು ಪೌಂಡ್ ಎಂದು ಬರೆಯುತ್ತಾರೆ. ಮಿಲಿಮೀಟರಿಗೆ 1 ಕಿಲೋ ಎಂದರೆ ಮಿಲಿಮೀಟರಿಗೆ 9.8 ನ್ಯೂಟನ್, ಅಥವಾ ಇಂಚಿಗೆ ಸುಮಾರು 56 ಪೌಂಡ್. ಆದರೆ ಬರೀ ಈ ಅಂಕಿಯನ್ನು ಇಟ್ಟುಕೊಂಡು ಸ್ನೇಹಿತನ ಕಾರಿಗೂ ನಿಮ್ಮ ಕಾರಿಗೂ ಹೋಲಿಸುವುದರಲ್ಲಿ ಅರ್ಥವಿಲ್ಲ. ಕಾರಿನ ಭಾರ ಎಷ್ಟು, ಸ್ಪ್ರಿಂಗು ಚಕ್ರದಿಂದ ಎಷ್ಟು ಒಳಗೆ ಕೂತಿದೆ ಎಂಬೆರಡನ್ನೂ ಸೇರಿಸಿ ನೋಡಿದಾಗಷ್ಟೇ ಅದು ಹಿತವೋ ಗಡುಸೋ ತಿಳಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ. ಒಂದು ಚಕ್ರದ ಸ್ಪ್ರಿಂಗು ಹೊರುವ ಭಾರವನ್ನು ಸ್ಪ್ರಿಂಗಿನ ಬಿಗಿಯಿಂದ ಭಾಗಿಸಿದರೆ, ಕಾರು ನಿಂತಿರುವಾಗ ಆ ಸ್ಪ್ರಿಂಗು ಎಷ್ಟು ಮಿಲಿಮೀಟರ್ ಅದುಮಿಕೊಂಡಿರುತ್ತದೆ ಎಂಬುದು ಸಿಗುತ್ತದೆ. ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯಲು ಬಯಸುತ್ತದೆ ಎಂಬುದು, ಅಂದರೆ ಅದರ ಸಹಜ ಆವರ್ತನ, ಹರ್ಟ್ಸ್‌ನಲ್ಲಿ ದೊರೆಯುತ್ತದೆ. ಮುಂಭಾಗದ ಒಂದು ಚಕ್ರಕ್ಕೆ 300 ಕಿಲೋ ಭಾರ ಬೀಳುವ ಸ್ಟ್ರಟ್ ಕಾರನ್ನು ತೆಗೆದುಕೊಳ್ಳಿ. ಮಿಲಿಮೀಟರಿಗೆ 2.2 ಕಿಲೋ ಬಿಗಿಯ ಸ್ಪ್ರಿಂಗು 136 ಮಿಲಿಮೀಟರ್ ಅದುಮಿಕೊಂಡು ಸುಮಾರು 1.35 ಹರ್ಟ್ಸ್ ಕೊಡುತ್ತದೆ. 3 ಕಿಲೋ ಸ್ಪ್ರಿಂಗು ಸುಮಾರು 1.6 ಹರ್ಟ್ಸ್, 5 ಕಿಲೋ ಸ್ಪ್ರಿಂಗು 2 ಹರ್ಟ್ಸ್, 8 ಕಿಲೋ ಸ್ಪ್ರಿಂಗು ಸುಮಾರು 2.6 ಹರ್ಟ್ಸ್ ಕೊಡುತ್ತವೆ. ಸಾಮಾನ್ಯ ಮನೆಯ ಕಾರುಗಳು 1ರಿಂದ 1.5 ಹರ್ಟ್ಸ್ ನಡುವೆ ಇರುತ್ತವೆ. ದಿನನಿತ್ಯದ ಕಾರಿಗೆ ಹಿತವೂ ಇರಬೇಕು, ತಿರುವಿನಲ್ಲಿ ಹಿಡಿತವೂ ಬೇಕು ಎಂದರೆ 1.5ರಿಂದ 1.8ರ ಆಸುಪಾಸಿನಲ್ಲಿ ನಿಲ್ಲುವುದು ಜಾಣತನವೆಂದು ನನ್ನ ಅಭಿಪ್ರಾಯ. ಮೇಲಿನ 2.2 ಕಿಲೋ ಸ್ಪ್ರಿಂಗಿಗೆ ಹೋಲಿಸಿದರೆ ಇದು ಸುಮಾರು ಶೇಕಡಾ 25ರಿಂದ 75ರಷ್ಟು ಹೆಚ್ಚು ಬಿಗಿ. 2 ಹರ್ಟ್ಸ್ ದಾಟಿದ ಮೇಲೆ ಹದಗೆಟ್ಟ ರಸ್ತೆಯಲ್ಲಿ ಹಿಂದೆ ಕೂತವರ ಮುಖ ನೋಡಿದರೇ ವಿಷಯ ತಿಳಿಯುತ್ತದೆ.

ಈ ಲೆಕ್ಕ ನೇರವಾಗಿ ಹೊಂದುವುದು ಸ್ಟ್ರಟ್ ಇರುವ ಕಡೆಗೆ ಮಾತ್ರ, ಏಕೆಂದರೆ ಅಲ್ಲಿ ಚಕ್ರ ಏರಿದಷ್ಟೇ ಹೆಚ್ಚುಕಡಿಮೆ ಸ್ಪ್ರಿಂಗೂ ಅದುಮುತ್ತದೆ. ಹಲವು ಆರ್ಮುಗಳು ಸೇರಿ ಚಕ್ರವನ್ನು ಹಿಡಿದಿರುವ ಮಲ್ಟಿಲಿಂಕ್ ಹಿಂಭಾಗದಲ್ಲಿ ಸ್ಪ್ರಿಂಗು ಆರ್ಮಿನ ನಡುಭಾಗದಲ್ಲಿ ಕೂತಿರಬಹುದು. ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗು 7 ಮಿಲಿಮೀಟರ್ ಮಾತ್ರ ಅದುಮುವುದಾದರೆ, 0.7ರ ವರ್ಗವಾದ 0.49ರಿಂದ ಸ್ಪ್ರಿಂಗಿನ ಬಿಗಿಯನ್ನು ಗುಣಿಸಬೇಕು. ಆಗ 6 ಕಿಲೋ ಸ್ಪ್ರಿಂಗು ಚಕ್ರದ ಬಳಿ ಸುಮಾರು 3 ಕಿಲೋ ಬಿಗಿಯಷ್ಟೇ ಆಗಿ ಉಳಿಯುತ್ತದೆ. ಹಿಂದಿನ ಸ್ಪ್ರಿಂಗಿನ ದೊಡ್ಡ ಅಂಕಿ ಕಂಡು ಹೆದರುವ ಮೊದಲು ಇದನ್ನು ನೆನಪಿಡಿ.

ತೀರಾ ಮೆತ್ತಗಾದರೂ ಹಿತವಿರುವುದಿಲ್ಲ. ನೆಟ್ಟಗೆ ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಕ್ಕೆ ಅತಿ ಹೆಚ್ಚು ನೋಯುವುದು 4ರಿಂದ 8 ಹರ್ಟ್ಸ್ ನಡುವೆ. ಹೊಟ್ಟೆ ತೊಳಸಿ ವಾಂತಿ ಬರಿಸುವುದು ಅರ್ಧ ಹರ್ಟ್ಸಿಗಿಂತ ಕೆಳಗಿನ ನಿಧಾನದ ತೂಗಾಟ. ಕಾರಿನ ಸ್ಪ್ರಿಂಗು ಈ ಎರಡರ ನಡುವೆ, ನಾವು ನಡೆಯುವಾಗ ದೇಹ ಏರಿಳಿಯುವ ಲಯಕ್ಕೆ ಹತ್ತಿರವಾಗಿ ಇದ್ದರೆ ಮೈಗೆ ಒಗ್ಗುತ್ತದೆ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಆಲಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು. ಉಬ್ಬನ್ನು ಮುಂದಿನ ಚಕ್ರ ಮೊದಲು, ಹಿಂದಿನದು ತಡವಾಗಿ ದಾಟುವುದರಿಂದ, ಹಿಂಭಾಗದ ಆವರ್ತನ ಮುಂಭಾಗಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಹಿಂಭಾಗ ಬೇಗ ಬಂದು ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ, ಕಾರು ಮೂಗು ಎತ್ತಿ ಇಳಿಸಿ ಆಡುವುದು ನಿಲ್ಲುತ್ತದೆ. ಆದ್ದರಿಂದ ಕಿಟ್ಟಿನ ಮುಂದಿನ ಮತ್ತು ಹಿಂದಿನ ಸ್ಪ್ರಿಂಗು ಎರಡನ್ನೂ ಈ ಲೆಕ್ಕಕ್ಕೆ ಹಾಕಿ. ಹಿಂಭಾಗದ ಆವರ್ತನ ಹತ್ತರಿಂದ ಇಪ್ಪತ್ತು ಶೇಕಡಾ ಹೆಚ್ಚಿದ್ದರೆ ಒಳ್ಳೆಯದು. ಅದಕ್ಕಿಂತ ತೀರಾ ಹೆಚ್ಚಿದ್ದರೆ, ಹಿಂದೆ ಯಾರೂ ಕೂರದ ದಿನ ಕಾರಿನ ಬಾಲ ಎತ್ತೆತ್ತಿ ಹಾಕುತ್ತದೆ.

ಚಕ್ರಕ್ಕೆ ಉಳಿದ ಜಾಗ

ಚಕ್ರ ತಾನು ನಿಂತ ಜಾಗದಿಂದ ಮೇಲಕ್ಕೆ 80 ಮಿಲಿಮೀಟರ್ ಏರಬಲ್ಲದು ಎಂದುಕೊಳ್ಳಿ. ಸ್ಪ್ರಿಂಗ್ ಸೀಟನ್ನು ಇಳಿಸಿ ಕಾರನ್ನು 40 ಮಿಲಿಮೀಟರ್ ತಗ್ಗಿಸಿದರೆ ಆ ಜಾಗದ ಅರ್ಧ ಹೋಯಿತು. ಅದೇ ಗುಂಡಿಯ ಅದೇ ಹೊಡೆತವನ್ನು ಅರ್ಧ ಜಾಗದಲ್ಲಿ ಸ್ಪ್ರಿಂಗೊಂದೇ ತಡೆಯಬೇಕೆಂದರೆ ಅದು ನಾಲ್ಕು ಪಟ್ಟು ಬಿಗಿಯಾಗಬೇಕಾಗುತ್ತದೆ, ಏಕೆಂದರೆ ಸ್ಪ್ರಿಂಗು ನುಂಗುವ ಶಕ್ತಿ ಅದುಮಿದ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ನಾಲ್ಕು ಪಟ್ಟು ಬಿಗಿ ಮಾಡಿದರೆ ಕಾರು ರಸ್ತೆಯ ಪ್ರತಿ ಬಿರುಕನ್ನೂ ಹೇಳುತ್ತದೆ. ಮಾಡದಿದ್ದರೆ ಬಂಪ್ ಸ್ಟಾಪಿಗೆ ಬಡಿಯುತ್ತದೆ. ತಗ್ಗಿಸಿದ ಕಾರಿನ ಎಲ್ಲ ಕಷ್ಟದ ಬೇರು ಇಲ್ಲಿದೆ. ಹಿತ ಬೇಕೆನ್ನುವವರು 15ರಿಂದ 30 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸಬಾರದು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅಷ್ಟು ತಗ್ಗಿಸಿದರೂ ಚಕ್ರದ ಮೇಲಿನ ಬರಿದಾದ ಅಂತರ ಮುಚ್ಚಿ ಕಾರು ಲಕ್ಷಣವಾಗಿ ಕಾಣುತ್ತದೆ.

ಎತ್ತರ ಬದಲಿಸುವ ವಿಧಾನದಲ್ಲಿ ಎರಡು ಬಗೆಯ ಕಿಟ್‌ಗಳಿವೆ. ಒಂದರಲ್ಲಿ ಸ್ಪ್ರಿಂಗ್ ಸೀಟು ಮಾತ್ರ ತಿರುಗುತ್ತದೆ, ಅಲ್ಲಿ ಕಾರು ತಗ್ಗಿದಷ್ಟೂ ಡ್ಯಾಂಪರಿನ ರಾಡು ಒಳಗೆ ಹೋಗಿ ಮೇಲ್ಮುಖದ ಜಾಗ ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಡ್ಯಾಂಪರಿನ ತಳದ ಬ್ರಾಕೆಟ್ಟೇ ಥ್ರೆಡ್ಡಿನ ಮೇಲೆ ಏರಿಳಿದು ಒಟ್ಟು ಉದ್ದ ಬದಲಾಗುತ್ತದೆ, ರಾಡಿನ ಓಡಾಟದ ಜಾಗ ಹಾಗೆಯೇ ಉಳಿಯುತ್ತದೆ. ಎರಡನೆಯದು ಮೇಲೆಂದು ಹೇಳುವವರೇ ಹೆಚ್ಚು; ತಾತ್ವಿಕವಾಗಿ ಅದು ನಿಜವೂ ಹೌದು. ಆದರೆ ಅದರಲ್ಲೊಂದು ಅಪಾಯವಿದೆ. ಡ್ಯಾಂಪರಿಗೆ ಜಾಗ ಉಳಿದರೂ ಟೈರಿಗೆ ಉಳಿದಿರುವುದಿಲ್ಲ. ಚಕ್ರ ಪೂರ್ತಿ ಏರಿದಾಗ ಟೈರು ಒಳಗಿನ ಲೈನರಿಗೋ ಫೆಂಡರಿನ ಅಂಚಿಗೋ ಉಜ್ಜಬಹುದು. ಇಂಥ ಕಿಟ್ ಹಾಕಿಸುವಾಗ ಒಮ್ಮೆ ಸ್ಪ್ರಿಂಗ್ ಇಲ್ಲದೆ ಡ್ಯಾಂಪರನ್ನಷ್ಟೇ ಜೋಡಿಸಿ, ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಜಾಕಿನಿಂದ ಬಂಪ್ ಸ್ಟಾಪ್ ಪೂರ್ತಿ ಅದುಮುವವರೆಗೆ ಮೇಲೆತ್ತಿ ಸುತ್ತಲೂ ಕೈಯಾಡಿಸಿ ನೋಡಲು ಹೇಳಿ. ಒಳ್ಳೆಯ ಗ್ಯಾರೇಜಿನವರು ಇದಕ್ಕೆ ಬೇಸರಪಡುವುದಿಲ್ಲ.

ಸೀಟನ್ನು ಬಿಗಿಮಾಡಿ ಸ್ಪ್ರಿಂಗಿಗೆ ಮೊದಲೇ ಒತ್ತಡ ಕೊಟ್ಟರೆ ಸ್ಪ್ರಿಂಗು ಗಡುಸಾಗುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. 300 ಕಿಲೋ ಹೊತ್ತ 5 ಕಿಲೋ ಸ್ಪ್ರಿಂಗು 60 ಮಿಲಿಮೀಟರ್ ಅದುಮಿಕೊಂಡಿರುತ್ತದೆ. ಸೀಟನ್ನು 10 ಮಿಲಿಮೀಟರ್ ಮೇಲೆ ತಂದರೆ ಕಾರು 10 ಮಿಲಿಮೀಟರ್ ಮೇಲೇರುತ್ತದೆ, ಸ್ಪ್ರಿಂಗು ಆಗಲೂ 60 ಮಿಲಿಮೀಟರೇ ಅದುಮಿಕೊಂಡಿರುತ್ತದೆ, ಬಿಗಿ ಒಂದಿಷ್ಟೂ ಬದಲಾಗುವುದಿಲ್ಲ. ಬದಲಾಗುವುದು ಮೇಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಜಾಗ ಎಂಬ ಹಂಚಿಕೆ. ಚಕ್ರ ಗುಂಡಿಯೊಳಕ್ಕೆ ಇಳಿಯಲು ಕೆಳಮುಖದ ಜಾಗವೂ ಬೇಕಷ್ಟೆ. ಅದು ತೀರಾ ಕಡಿಮೆಯಾದರೆ ಗುಂಡಿಯ ಅಂಚಿನಲ್ಲಿ ಡ್ಯಾಂಪರ್ ಪೂರ್ತಿ ಚಾಚಿಕೊಂಡು ಟಕ್ ಎಂದು ಎಳೆಯುತ್ತದೆ.

ಬಂಪ್ ಸ್ಟಾಪನ್ನು ಕಡೆಗಣಿಸಬೇಡಿ. ಸಣ್ಣ ಗುಳ್ಳೆಗಳಿರುವ ಪಾಲಿಯುರೆಥೇನಿನ, ಮೇಲೆ ಅಗಲವಾಗಿ ಕೆಳಗೆ ಮೊನಚಾಗುವ ಬಂಪ್ ಸ್ಟಾಪ್ ಮೆಲ್ಲನೆ ಅದುಮಿಕೊಳ್ಳುತ್ತಾ ಬಿಗಿಯಾಗುತ್ತದೆ. ಗಟ್ಟಿ ರಬ್ಬರಿನದು ಗೋಡೆಗೆ ತಾಗಿದಂತೆ ಬಡಿಯುತ್ತದೆ. ಕಿಟ್ಟಿನಲ್ಲಿ ಯಾವುದಿದೆ, ಎಷ್ಟು ಉದ್ದವಿದೆ ಎಂದು ಕೇಳಿ ತಿಳಿದುಕೊಳ್ಳಿ. ಜಾಗ ಮಾಡಿಕೊಳ್ಳಲೆಂದು ಅದನ್ನು ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ: ಡ್ಯಾಂಪರಿನೊಳಗೆ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆ ತುಂಡು.

ಡ್ಯಾಂಪರ್: ನಿಜವಾದ ದುಡ್ಡು ಇರುವುದು ಇಲ್ಲಿ

ಸ್ಪ್ರಿಂಗು ಅದುಮಿದ ಶಕ್ತಿಯನ್ನು ಹಿಂದಿರುಗಿಸುತ್ತದೆ; ಅದನ್ನು ಎಣ್ಣೆಯ ಮೂಲಕ ಶಾಖವಾಗಿಸಿ ಕಳೆಯುವುದು ಡ್ಯಾಂಪರ್. ಚಕ್ರ ಮೇಲೇರುವಾಗ ತಡೆಯುವುದು ಕಂಪ್ರೆಶನ್, ಅದುಮಿದ ಸ್ಪ್ರಿಂಗು ಮತ್ತೆ ಚಾಚಿಕೊಳ್ಳುವಾಗ ತಡೆಯುವುದು ರಿಬೌಂಡ್. ಗುಂಡಿಯ ಹೊಡೆತ ಮೈಗೆ ತಾಗುವುದು ಹೆಚ್ಚಾಗಿ ಕಂಪ್ರೆಶನ್ನಿನ ಮೂಲಕ, ಉಬ್ಬು ದಾಟಿದ ಮೇಲೆ ಕಾರು ತೇಲಾಡುವುದನ್ನು ನಿಲ್ಲಿಸುವುದು ರಿಬೌಂಡ್. ಆದ್ದರಿಂದ ರಸ್ತೆಯ ಕಾರುಗಳಲ್ಲಿ ಕಂಪ್ರೆಶನ್ ಹಗುರವಾಗಿಯೂ ರಿಬೌಂಡ್ ಅದಕ್ಕಿಂತ ಬಿಗಿಯಾಗಿಯೂ ಇರುತ್ತದೆ.

ಇನ್ನೊಂದು ಭೇದ ವೇಗದ್ದು. ಇಲ್ಲಿ ವೇಗವೆಂದರೆ ಕಾರಿನದಲ್ಲ, ಡ್ಯಾಂಪರಿನ ರಾಡು ಒಳಹೊರಗೆ ಓಡುವ ವೇಗ. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಾಕಿದಾಗ ಮೂಗು ಬಾಗುವಾಗ ರಾಡು ನಿಧಾನವಾಗಿ ಚಲಿಸುತ್ತದೆ. ಗುಂಡಿಯ ಅಂಚು, ಸೇತುವೆಯ ಕೀಲು, ಕಿತ್ತುಹೋದ ಡಾಂಬರು ಎದುರಾದಾಗ ಬಹಳ ರಭಸದಿಂದ ಚಲಿಸುತ್ತದೆ. ನಿಧಾನದ ಚಲನೆಗೆ ಸಾಕಷ್ಟು ತಡೆ ಕೊಟ್ಟು, ರಭಸದ ಹೊಡೆತ ಬಂದಾಗ ಒಳಗಿನ ಕವಾಟ ತೆರೆದು ಎಣ್ಣೆಗೆ ದಾರಿ ಬಿಡುವ ಡ್ಯಾಂಪರ್ ಇದ್ದರೆ ಕಾರು ತಿರುವಿನಲ್ಲಿ ನೆಟ್ಟಗೂ ಗುಂಡಿಯ ಮೇಲೆ ಮೃದುವಾಗಿಯೂ ಇರುತ್ತದೆ. ಅಗ್ಗದ ಕಿಟ್‌ಗಳು ಸೋಲುವುದು ಬಹುತೇಕ ಇಲ್ಲೇ. ಅವುಗಳ ತಿರುಪು ಹೆಚ್ಚಾಗಿ ಒಂದು ಸೂಜಿಯನ್ನು ಏರಿಳಿಸಿ ಸಣ್ಣ ರಂಧ್ರವನ್ನು ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಅದು ನಿಧಾನದ ಚಲನೆಯನ್ನು ಬದಲಿಸುತ್ತದೆಯೇ ಹೊರತು ಗುಂಡಿಯ ಹೊಡೆತವನ್ನು ನಿರ್ಧರಿಸುವ ಕವಾಟದ ತಗಡುಗಳನ್ನು ಮುಟ್ಟುವುದಿಲ್ಲ. ಒಳಗಿನ ಕವಾಟವೇ ಗಡುಸಾಗಿದ್ದರೆ ಮೂವತ್ತು ಕ್ಲಿಕ್ಕುಗಳೂ ನಿಮ್ಮನ್ನು ಕಾಪಾಡಲಾರವು.

ಒಂದೇ ಕೊಳವೆಯ ಮಾನೋಟ್ಯೂಬ್ ಮತ್ತು ಎರಡು ಕೊಳವೆಯ ಟ್ವಿನ್‌ಟ್ಯೂಬ್ ನಡುವೆ ಯಾವುದು ಎಂಬ ಪ್ರಶ್ನೆ ಬಂದಾಗ ಮೊದಲನೆಯದೇ ಶ್ರೇಷ್ಠವೆಂದು ಮಾರುವವರು ಹೇಳುವುದುಂಟು. ಮಾನೋಟ್ಯೂಬಿನಲ್ಲಿ ತೇಲುವ ಪಿಸ್ಟನ್ನಿನ ಹಿಂದೆ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುತ್ತದೆ, ಎಣ್ಣೆಯಲ್ಲಿ ನೊರೆ ಬರುವುದು ಕಡಿಮೆ, ಶಾಖ ಬೇಗ ಹೊರಹೋಗುತ್ತದೆ. ನಿರಂತರವಾಗಿ ಕಠಿಣವಾಗಿ ಓಡಿಸುವವರಿಗೆ ಅದು ಮೇಲು. ಟ್ವಿನ್‌ಟ್ಯೂಬಿನಲ್ಲಿ ಅನಿಲದ ಒತ್ತಡ ಕಡಿಮೆ, ಸೀಲಿನ ಘರ್ಷಣೆ ಕಡಿಮೆ, ಅಷ್ಟೇ ಉದ್ದದ ಮೈಯಲ್ಲಿ ರಾಡಿಗೆ ಹೆಚ್ಚು ಓಡಾಟದ ಜಾಗ ಸಿಗುತ್ತದೆ. ಸಣ್ಣ ಒರಟುತನವನ್ನು ಸದ್ದಿಲ್ಲದೆ ನುಂಗಲು ಈ ಗುಣಗಳು ನೆರವಾಗುತ್ತವೆ. ಕಚೇರಿಗೆ ಹೋಗಿಬರುವ ಕಾರಿಗೆ ಚೆನ್ನಾಗಿ ಮಾಡಿದ ಟ್ವಿನ್‌ಟ್ಯೂಬ್ ಸಾಕೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹೆಸರಾಂತ ತಯಾರಕರ ಸಾಲುಗಳನ್ನು ಓದುವಾಗಲೂ ಇದೇ ದೃಷ್ಟಿ ಇರಲಿ. ಕೆಡಬ್ಲ್ಯೂ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ, ವೇರಿಯಂಟ್ 2ರಲ್ಲಿ ರಿಬೌಂಡ್ ಸಹ, ವೇರಿಯಂಟ್ 3ರಲ್ಲಿ ರಿಬೌಂಡ್ ಮತ್ತು ಕಂಪ್ರೆಶನ್ ಎರಡೂ ಬೇರೆ ಬೇರೆಯಾಗಿ. ಅದೇ ಕಂಪನಿಯ ಸ್ಟ್ರೀಟ್ ಕಂಫರ್ಟ್ ಎಂಬುದು ಹೆಸರೇ ಹೇಳುವಂತೆ ಕಡಿಮೆ ತಗ್ಗಿಸಿ ಹಿತವಾಗಿ ಓಡಿಸುವವರಿಗೆಂದೇ ಮಾಡಿದ್ದು. ಬಿಲ್‌ಸ್ಟೀನ್ ಬಿ14ರಲ್ಲಿ ಡ್ಯಾಂಪಿಂಗ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬಿ16ರಲ್ಲಿ ಹತ್ತು ಹಂತಗಳ ತಿರುಪು ಇದೆ. ಓಹ್ಲಿನ್ಸ್ ರೋಡ್ ಅಂಡ್ ಟ್ರ್ಯಾಕಿನಲ್ಲಿರುವ ಡ್ಯುಯಲ್ ಫ್ಲೋ ವಾಲ್ವ್ ಮೇಲೆ ಹೇಳಿದ ರಭಸದ ಚಲನೆಗೆ ಎರಡೂ ದಿಕ್ಕಿನಲ್ಲಿ ದಾರಿ ಬಿಡಲೆಂದೇ ರೂಪಿಸಿದ್ದು. ಟೀನ್ ಫ್ಲೆಕ್ಸ್ ಝಡ್‌ನಲ್ಲಿ 16, ಬಿಸಿ ರೇಸಿಂಗಿನ ಬಿಆರ್ ಸಾಲಿನಲ್ಲಿ 30 ಹಂತಗಳಿವೆ. ಹಂತಗಳ ಎಣಿಕೆಯನ್ನು ಗುಣಮಟ್ಟದ ಅಳತೆಯಾಗಿ ನೋಡಬಾರದು. ತಿರುಪು ಮುಟ್ಟುವ ಆಸಕ್ತಿಯೇ ಇಲ್ಲದವರಿಗೆ ನಿಮ್ಮದೇ ಮಾದರಿಯ ಕಾರಿನಲ್ಲಿ ಓಡಿಸಿ ಹದಮಾಡಿದ, ಡ್ಯಾಂಪಿಂಗ್ ಬದಲಿಸಲಾಗದ ಕಿಟ್ ಹೆಚ್ಚು ನೆಮ್ಮದಿ ಕೊಡುತ್ತದೆ.

ಜರ್ಮನಿಯಲ್ಲಿ ಮಾರುವ ಕಿಟ್‌ಗಳ ಜೊತೆ ಬರುವ ತಾಂತ್ರಿಕ ಪ್ರಮಾಣಪತ್ರದಲ್ಲಿ ಆ ಕಾರನ್ನು ಎಷ್ಟರಿಂದ ಎಷ್ಟು ಮಿಲಿಮೀಟರ್ ತಗ್ಗಿಸಬಹುದು ಎಂಬ ಮಿತಿ ಇರುತ್ತದೆ. ಆ ದೇಶದಲ್ಲಿ ಇಲ್ಲದವರಿಗೂ ಅದು ಉಪಯುಕ್ತ. ಆ ಮಿತಿಯ ಎತ್ತರದ ತುದಿಯಲ್ಲಿ ನಿಂತರೆ ಚಕ್ರಕ್ಕೆ ಅತಿ ಹೆಚ್ಚು ಜಾಗ ಉಳಿಯುತ್ತದೆ. ನಿಮ್ಮ ದೇಶದ ನೋಂದಣಿ ಮತ್ತು ವಿಮೆಯ ನಿಯಮಗಳನ್ನು ಕೊಳ್ಳುವ ಮೊದಲೇ ವಿಚಾರಿಸಿ. ಎಲೆಕ್ಟ್ರಾನಿಕ್ ಡ್ಯಾಂಪರ್ ಇರುವ ಕಾರಾದರೆ, ಅದನ್ನು ಬಿಚ್ಚಿದಾಗ ಡ್ಯಾಶ್‌ಬೋರ್ಡಿನಲ್ಲಿ ದೋಷದ ದೀಪ ಹೊತ್ತದಂತೆ ಕಿಟ್ಟಿನಲ್ಲಿ ವ್ಯವಸ್ಥೆ ಇದೆಯೇ ಎಂದೂ ನೋಡಿ.

ಸ್ಟ್ರಟ್ಟನ್ನು ಕಾರಿನ ದೇಹಕ್ಕೆ ಸೇರಿಸುವ ಮೇಲಿನ ಮೌಂಟಿನ ಬಗ್ಗೆ ಒಂದು ಮಾತು ಸಾಕು: ರಬ್ಬರಿನದನ್ನೇ ಆರಿಸಿ. ಲೋಹದ ಗುಂಡಿನ ಪಿಲ್ಲೋಬಾಲ್ ಮೌಂಟು ಸ್ಟಿಯರಿಂಗಿಗೆ ಚುರುಕು ತರುವುದೇನೋ ನಿಜ, ಆದರೆ ರಸ್ತೆಯ ಗರಗರ ಸದ್ದನ್ನು ನೇರವಾಗಿ ಕಾರಿನ ದೇಹಕ್ಕೆ ಸಾಗಿಸುತ್ತದೆ, ಸವೆದಾಗ ಟಕಟಕ ಎನ್ನುತ್ತದೆ.

ಜೋಡಿಸುವ ದಿನ

ಹಳೆಯದನ್ನು ಬಿಚ್ಚುವ ಮೊದಲು ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿಗೆ ತಕ್ಕಂತೆ ಅಳತೆ ಬದಲಾಗುತ್ತದೆ. ಮೂಲ ಸ್ಟ್ರಟ್ಟಿನ ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚುವುದು ಪ್ರಾಣಾಪಾಯದ ಕೆಲಸ. ಹೊಸ ಡ್ಯಾಂಪರಿನ ಮೇಲಿನ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಬಾರದು, ರಾಡು ಗಿರಗಿರ ತಿರುಗಿ ಒಳಗಿನ ಸೀಲು ಮತ್ತು ಪಿಸ್ಟನ್ನಿನ ನಟ್ಟಿಗೆ ಹಾನಿಯಾಗುತ್ತದೆ.

ಹಿತಕ್ಕೆ ನೇರವಾಗಿ ಸಂಬಂಧಿಸಿದ, ಆದರೆ ಅವಸರದಲ್ಲಿ ತಪ್ಪಿಹೋಗುವ ಒಂದು ಕೆಲಸವಿದೆ. ಆರ್ಮುಗಳ ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಅದರ ಬೋಲ್ಟನ್ನು ಬಿಗಿದರೆ, ಕಾರು ನೆಲಕ್ಕೆ ಇಳಿದ ಮೇಲೆ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹೆಚ್ಚುವರಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಕಾರು ಗಡುಸಾಗುತ್ತದೆ, ಎತ್ತರದ ಅಳತೆ ಸುಳ್ಳಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಎಲ್ಲ ಬೋಲ್ಟುಗಳನ್ನು ಕೈಬಿಗಿಯಷ್ಟು ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ಅಥವಾ ಆರ್ಮನ್ನು ಜಾಕಿನಿಂದ ಆ ಎತ್ತರಕ್ಕೆ ತಂದ ಮೇಲೆ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎತ್ತರವನ್ನು ಮತ್ತೆ ಹೆಚ್ಚಾಗಿ ಬದಲಿಸಿದಾಗಲೂ ಇವನ್ನು ಸಡಿಲಿಸಿ ಮರಳಿ ಬಿಗಿಯುವುದು ಒಳ್ಳೆಯದು.

ಇನ್ನೂರು ಮುನ್ನೂರು ಕಿಲೋಮೀಟರ್ ಓಡಿ ಸ್ಪ್ರಿಂಗು ಕೂತ ನಂತರ ಎತ್ತರವನ್ನು ಮತ್ತೆ ಅಳೆದು, ಲಾಕ್ ರಿಂಗುಗಳನ್ನು ಬಿಗಿದು, ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಟೋ (ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವ ಕೋನ) ಮತ್ತು ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಗೋ ಹೊರಗೋ ವಾಲಿರುವ ಕೋನ) ಎರಡೂ ಬದಲಾಗುತ್ತವೆ; ಟೋ ತಪ್ಪಿದ್ದರೆ ಹೊಸ ಟೈರು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಒಳ ಅಂಚಿನಿಂದ ಸವೆದುಬಿಡಬಹುದು. ಹೆಡ್‌ಲೈಟಿನ ದಿಕ್ಕನ್ನು ಸರಿಪಡಿಸಿ, ಕ್ಯಾಮೆರಾ ಅಥವಾ ರಾಡಾರ್ ಇರುವ ಕಾರಾದರೆ ಅವನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕಾಗುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿ.

ಹದ ಹಿಡಿಯುವುದು

ತಿರುಪನ್ನು ಮುಟ್ಟುವ ಮುನ್ನ ಎರಡು ಮೂರು ಕಿಲೋಮೀಟರಿನ ಒಂದು ದಾರಿಯನ್ನು ಗೊತ್ತುಮಾಡಿಕೊಳ್ಳಿ. ಅದರಲ್ಲಿ ಒಂದು ಉಬ್ಬು, ಕೆಲವು ಗುಂಡಿ, ಒಂದು ಉದ್ದನೆಯ ತಿರುವು, ಸ್ವಲ್ಪ ಅಲೆಅಲೆಯಾದ ರಸ್ತೆ ಇರಲಿ. ಟೈರಿನ ಗಾಳಿ ತಣ್ಣಗಿರುವಾಗ ಸರಿಯಾಗಿರಲಿ. ತಿರುಪನ್ನು ಪೂರ್ತಿ ಬಿಗಿಯ ಕಡೆಗೆ ನಿಧಾನವಾಗಿ ಮುಚ್ಚಿ, ಅಲ್ಲಿಂದ ಸಡಿಲದ ಕಡೆಗೆ ಕ್ಲಿಕ್ಕುಗಳನ್ನು ಎಣಿಸಿ. ಎಲ್ಲ ಚಕ್ರಕ್ಕೂ ಒಂದೇ ಆರಂಭಬಿಂದು ಸಿಗುವುದು ಹೀಗೆ. ತಯಾರಕರು ಹೇಳಿದ ನಡುಹಂತದಿಂದ ಶುರುಮಾಡಿ, ಒಂದು ಸಲಕ್ಕೆ ಮುಂದಿನ ಜೋಡಿಯನ್ನೋ ಹಿಂದಿನ ಜೋಡಿಯನ್ನೋ ಮಾತ್ರ, ಎರಡೆರಡು ಕ್ಲಿಕ್ ಬದಲಿಸಿ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ, ಅನಿಸಿದ್ದನ್ನು ಬರೆದಿಡಿ.

ಉಬ್ಬು ದಾಟಿದ ಮೇಲೆ ಕಾರು ಒಮ್ಮೆ ಎದ್ದು ಇಳಿದು ನಿಂತರೆ ರಿಬೌಂಡ್ ಸರಿಯಾಗಿದೆ. ಎರಡು ಮೂರು ಸಲ ತೂಗಿದರೆ ಬಿಗಿ ಸಾಲದು. ಅಲೆಅಲೆಯಾದ ರಸ್ತೆಯಲ್ಲಿ ಸಾಗಿದಂತೆ ಕಾರು ಮೊದಲಿಗಿಂತ ಗಡುಸಾಗುತ್ತಾ ಹೋದರೆ ರಿಬೌಂಡ್ ಅತಿಯಾಗಿದೆ ಎಂದರ್ಥ, ಏಕೆಂದರೆ ಸ್ಪ್ರಿಂಗು ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಿನ ಉಬ್ಬು ಬಂದು ಮತ್ತೆ ಅದುಮುತ್ತದೆ, ಕಾರು ಹಂತಹಂತವಾಗಿ ಕೆಳಗಿಳಿದು ಬಂಪ್ ಸ್ಟಾಪನ್ನು ಸೇರುತ್ತದೆ. ಇದನ್ನು ಸ್ಪ್ರಿಂಗಿನ ಗಡುಸುತನವೆಂದು ತಿಳಿದು ಹೊಸ ಸ್ಪ್ರಿಂಗು ಕೊಂಡವರನ್ನು ನಾನು ಕಂಡಿದ್ದೇನೆ; ಅವರಿಗೆ ಬೇಕಾಗಿದ್ದದ್ದು ನಾಲ್ಕು ಕ್ಲಿಕ್ ಸಡಿಲ. ಕಂಪ್ರೆಶನ್ನಿಗೆ ಪ್ರತ್ಯೇಕ ತಿರುಪು ಇದ್ದರೆ ಅದನ್ನು ಪೂರ್ತಿ ಸಡಿಲದಿಂದ ಶುರುಮಾಡಿ, ತಿರುವಿನಲ್ಲಿ ಮೂಗು ತೀರಾ ಬೇಗ ಬಾಗಿದಾಗ ಮಾತ್ರ ಒಂದೊಂದೇ ಕ್ಲಿಕ್ ಸೇರಿಸಿ. ಕಾರು ವಾಲುವುದು ಇನ್ನೂ ಹೆಚ್ಚೆನಿಸಿದರೆ ಸ್ಪ್ರಿಂಗು ಬಿಗಿಮಾಡುವ ಬದಲು ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರನ್ನು ಸ್ವಲ್ಪ ದಪ್ಪನೆಯದಾಗಿ ಹಾಕಿಸಲು ಯೋಚಿಸಬಹುದು, ಎರಡೂ ಚಕ್ರ ಒಟ್ಟಿಗೆ ಏರುವ ಉಬ್ಬಿನಲ್ಲಿ ಅದು ಅಡ್ಡಬರುವುದಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಕಾರು ಪಕ್ಕಕ್ಕೆ ಕುಲುಕುವುದು ತುಸು ಹೆಚ್ಚುತ್ತದೆ.

ವರ್ಷಕ್ಕೊಮ್ಮೆ, ಮಳೆ, ಕೆಸರು ಅಥವಾ ರಸ್ತೆಯ ಉಪ್ಪಿನ ದಿನಗಳು ಕಳೆದ ಮೇಲೆ, ಥ್ರೆಡ್ಡುಗಳನ್ನು ತೊಳೆದು ಒಣಗಿಸಿ, ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ತೆಳುವಾಗಿ ಆಂಟಿ ಸೀಜ್ ಸವರಿ, ಧೂಳಿನ ಬೂಟು ಹರಿದಿಲ್ಲವೆಂದು ನೋಡಿ. ರಾಡಿನ ಮೇಲೆ ಎಣ್ಣೆ ಒಸರುತ್ತಿದ್ದರೆ ಸೀಲು ಹೋಗುತ್ತಿದೆ ಎಂದು ತಿಳಿಯಿರಿ. ಬಿಡಿಭಾಗ ಮತ್ತು ರಿಪೇರಿ ಸಿಗುವ ಕಿಟ್ ಕೊಂಡಿದ್ದರ ಬೆಲೆ ಗೊತ್ತಾಗುವುದು ಆ ದಿನ. ಹದ ಸಿಕ್ಕಿತೆನಿಸಿದ ಮೇಲೆ ನಾಲ್ಕೂ ರಾಡಿಗೆ ಮತ್ತೆ ಕೇಬಲ್ ಟೈ ಸುತ್ತಿ, ಸೀಟುಗಳಲ್ಲಿ ಮನೆಯವರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನು ತುಂಬಿ ಅದೇ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಮೈ ತಲೆಕೆಳಗಾಗಿ ಕೂತ ಮಾನೋಟ್ಯೂಬುಗಳಲ್ಲಿ ರಾಡು ಕಾಣದ ಕಾರಣ ಈ ವಿಧಾನ ನಡೆಯುವುದಿಲ್ಲ, ಉಳಿದವುಗಳಲ್ಲಿ ನಡೆಯುತ್ತದೆ. ಕೇಬಲ್ ಟೈ ಬಂಪ್ ಸ್ಟಾಪಿನ ತುದಿಯನ್ನು ಸ್ವಲ್ಪ ಮುಟ್ಟಿ ನಿಂತಿದ್ದರೆ ಜಾಗವೆಲ್ಲ ಸರಿಯಾಗಿ ಬಳಕೆಯಾಗಿದೆ. ಅದರೊಳಕ್ಕೆ ಆಳವಾಗಿ ಒತ್ತಿಕೊಂಡಿದ್ದರೆ ಕಾರನ್ನು ಇನ್ನೂ ಐದು ಮಿಲಿಮೀಟರ್ ಎತ್ತರಿಸಿ ಮತ್ತೊಮ್ಮೆ ನೋಡಿ.